ಮಂಥರೆಯ ಗೂನು

ಪೊಳಲಿಯ ಸುತ್ತಿನ ಊರುಗಳಿಗೆ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಹೊಸತಲ್ಲ. ಬಯಲಾಟದಲ್ಲಿ ಮಂಥರೆಯ ಪಾತ್ರ ಸಾಮಾನ್ಯವಾಗಿ ಹಾಸ್ಯಗಾರನದು. ಅವಳು ಬಾಯಿ ತೆರೆಯುವ ಮೊದಲೇ ಗೂನನ್ನು ಕಂಡು ಸಭೆ ನಗುತ್ತದೆ. ಮುಂದೆ ಕುಳಿತ ಮಕ್ಕಳೂ ನಗುತ್ತಾರೆ. ಮೈಯ ಡೊಂಕು ಮನಸ್ಸಿನ ಡೊಂಕಿಗೆ ಗುರುತೆಂಬ ಪಾಠ ಅಲ್ಲಿಯೇ ಆಗಿಬಿಡುತ್ತದೆ. ಮರುದಿನ ಶಾಲೆಯಲ್ಲಿ ಕಾಲೆಳೆದು ನಡೆಯುವ ಹುಡುಗನಿಗೆ ಅಡ್ಡಹೆಸರೊಂದು ಸಿದ್ಧವಾಗಿರುತ್ತದೆ.

ಈ ಪಾಠವನ್ನು ತಿದ್ದಲು ಹೊರಟವರು ಕುವೆಂಪು. 1955ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆ ಮಾಡಿದ ಕೇಡಿಗೆ ಮೂಲ ಅವಳ ಗೂನಲ್ಲ, ಮಮತೆ. ಇದು ದೊಡ್ಡ ಹೆಜ್ಜೆಯೇ ಸರಿ. ಆದರೂ ಕವಿ ಅವಳಿಗೆ ಕೊಟ್ಟದ್ದು ಕರುಣೆ; ಜನರ ನಡುವೆ ಬಾಳುವ ಎಡೆಯನ್ನಲ್ಲ. ಪಶ್ಚಾತ್ತಾಪದಿಂದ ಕಾಡಿಗೆ ಹೋದವಳು ಕಾಡ್ಗಿಚ್ಚಿಗೆ ತುತ್ತಾಗುತ್ತಾಳೆ.

ಅಂಗವಿಕಲ ಮಕ್ಕಳು ಇತರರೊಡನೆ ಒಂದೇ ಶಾಲೆಯಲ್ಲಿ ಕಲಿಯಬೇಕೆಂದು 2016ರ ಕಾಯಿದೆ ಹೇಳುತ್ತದೆ. ಅದು ಕೇಳುವುದು ಕರುಣೆಯನ್ನಲ್ಲ, ಸರಿಸಮಾನವಾದ ಎಡೆಯನ್ನು. ಶಾಲೆಯ ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಕಟ್ಟಬಹುದು. ನಗುವಿನ ಮೆಟ್ಟಿಲನ್ನು ಇಳಿಸುವವರು ಯಾರು?

ದಾರಿ ನಮ್ಮ ಕಲೆಯಲ್ಲಿಯೇ ಇದೆ. ತಾಳಮದ್ದಳೆಯಲ್ಲಿ ವೇಷವಿಲ್ಲ, ಗೂನೂ ಇಲ್ಲ. ಬರಿಯ ಅರ್ಥಗಾರಿಕೆಯಿಂದ ಮಂಥರೆ ಕೈಕೇಯಿಯನ್ನು ಒಲಿಸುತ್ತಾಳೆ. ಸಭೆ ನಗುತ್ತದೆ, ಬೆರಗಾಗುತ್ತದೆ. ಬಯಲಾಟದ ಹಾಸ್ಯಗಾರರೂ ಇಷ್ಟನ್ನು ನಡೆಸಿಕೊಡಲಿ: ನಗು ಅವಳ ಮಾತಿನಿಂದ ಹುಟ್ಟಲಿ, ಬೆನ್ನಿನಿಂದ ಬೇಡ.