ಒಳ್ಳೆಯತನಕ್ಕೆ ಬಳಿದ ಬಣ್ಣ

ಚೀನೀಯರೆಂದರೆ ಕುತಂತ್ರಿಗಳು, ಇಲ್ಲವೇ ಬಾಯಿಲ್ಲದ ದುಡಿಮೆಗಾರರು. ಹಾಲಿವುಡ್ ಬಹುಕಾಲ ಒಂದಿಡೀ ಜನಾಂಗವನ್ನು ಈ ಎರಡು ಅಚ್ಚುಗಳಲ್ಲೇ ಎರಕ ಹೊಯ್ದಿತು. ಮೊದಲನೆಯದರ ದ್ವೇಷ ಬೇಗ ಗುರುತಾಗುತ್ತದೆ. ಎರಡನೆಯದು ಹೊಗಳಿಕೆಯ ವೇಷದಲ್ಲಿ ಬರುತ್ತದೆ. ಪರ್ಲ್ ಬಕ್ ಕಾದಂಬರಿಯನ್ನು ಆಧರಿಸಿ 1937ರಲ್ಲಿ ಬಂದ ‘ದಿ ಗುಡ್ ಅರ್ತ್’ ಚಿತ್ರವನ್ನೇ ನೋಡಿ.

ಕಥೆ ಚೀನಾದ ಬಡ ರೈತ ದಂಪತಿಯದು. ಬರ, ಹಸಿವು ಎಲ್ಲವನ್ನೂ ಹೆಂಡತಿ ಓ-ಲಾನ್ ತುಟಿಪಿಟಕ್ಕೆನ್ನದೆ ಸಹಿಸುತ್ತಾಳೆ. ಶ್ರೀಮಂತರ ಮನೆಯಲ್ಲಿ ಗುಲಾಮಳಾಗಿದ್ದವಳ ಮೌನ ಅದು. ಪ್ರೇಕ್ಷಕ ಅದನ್ನು ಚೀನೀಯರ ಹುಟ್ಟುಗುಣವೆಂದುಕೊಂಡು ಮನೆಗೆ ಹೋಗುತ್ತಾನೆ. ಚಿತ್ರಕ್ಕೆ ರೈತರ ಮೇಲೆ ಕರುಣೆಯಿದೆ, ನಿಜ. ಆದರೆ ಮುಖಕ್ಕೆ ಬಣ್ಣ ಬಳಿದುಕೊಂಡು ಓ-ಲಾನ್ ಆದವರು ಜರ್ಮನಿಯಲ್ಲಿ ಹುಟ್ಟಿದ ಲೂಯಿಸ್ ರೈನರ್. ಅವರಿಗೆ ಆಸ್ಕರ್ ಕೂಡ ಬಂತು.

ಆಗ ಲಾಸ್ ಏಂಜಲೀಸ್‌ನಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ಹೆಸರಾಂತ ನಟಿ ಅನ್ನಾ ಮೇ ವಾಂಗ್ ಇದ್ದರು. ಆ ಪಾತ್ರದ ಆಸೆ ಅವರಿಗಿತ್ತು. ಆದರೆ ನಾಯಕ ಪಾಲ್ ಮುನಿ ಬಿಳಿಯರು. ತೆರೆಯ ಮೇಲಾದರೂ ಅವರಿಗೆ ಚೀನೀ ಹೆಂಡತಿಯಿರುವುದು ಅಂದಿನ ಹಾಲಿವುಡ್‌ಗೆ ಸಹ್ಯವಾಗಿರಲಿಲ್ಲ. ಗಂಡನನ್ನು ಮರುಳುಮಾಡುವ ಲೋಟಸ್ ಪಾತ್ರಕ್ಕೆ ವಾಂಗ್ ಹೆಸರು ಬಂತು. ಕೊನೆಗೆ ಅದೂ ವಿಯೆನ್ನಾದ ನರ್ತಕಿ ಟಿಲ್ಲಿ ಲಾಶ್ ಪಾಲಾಯಿತು. ಇದೇ ವಾಂಗ್ 1931ರ ‘ಡಾಟರ್ ಆಫ್ ದಿ ಡ್ರ್ಯಾಗನ್’ನಲ್ಲಿ ಖಳ ಫು ಮಾಂಚುವಿನ ಮಗಳಾಗಿದ್ದರು! ಕೇಡಿಗನ ಮಗಳಾಗಲು ಒದಗಿದ ಮುಖ, ಹೊಲದಲ್ಲಿ ದುಡಿಯುವ ತಾಯಿಯಾಗಲು ಒದಗಲಿಲ್ಲ.

1936ರಲ್ಲಿ ವಾಂಗ್ ಚೀನಾಕ್ಕೆ ಹೋದರು. ಹಾಲಿವುಡ್ ಕೊಟ್ಟ ಇಂಥ ಪಾತ್ರಗಳಿಗಾಗಿ ಅಲ್ಲಿಯೂ ಅವರೇ ಟೀಕೆ ಕೇಳಬೇಕಾಯಿತು.