ಅವ್ವ ಓದಿದ ಎಲಿವೇಟರ್

ಬೆಟಗೇರಿಯ ನಮ್ಮ ಓಣಿಯಲ್ಲಿ 'ಲಿಫ್ಟ್' ಎಂದರೆ ಗದಗ ಬಸ್ ಸ್ಟ್ಯಾಂಡಿನತನಕ ಯಾರದಾದರೂ ಬೈಕಿನ ಹಿಂದೆ ಕೂತು ಹೋಗುವುದು. ಮೂರಂತಸ್ತಿನ ಮನೆಯೇ ಅಪರೂಪವಾಗಿದ್ದಲ್ಲಿ ಅದಕ್ಕೆ ಬೇರೆ ಅರ್ಥ ಬೇಕಿರಲಿಲ್ಲ. ಮೇಲೇರುವ ಲಿಫ್ಟ್ ನಮಗೆ ಪರಿಚಯವಾದದ್ದು ಆಸ್ಪತ್ರೆಗಳಿಂದ.

ಕಳೆದ ವರ್ಷ ಮೊಣಕಾಲು ನೋವಿಗೆಂದು ಅವ್ವನನ್ನು ಅಂಥದೊಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ನಾನು ಚೀಟಿ ಮಾಡಿಸಿ ಬರುವಷ್ಟರಲ್ಲಿ ಅವಳು ಮೆಟ್ಟಿಲು ಹತ್ತಿ ಎರಡನೆಯ ಮಹಡಿಯಲ್ಲಿ ಏದುಸಿರು ಬಿಡುತ್ತಿದ್ದಳು. ಕೆಳಗೆ ದಪ್ಪ ಕನ್ನಡ ಅಕ್ಷರಗಳಲ್ಲಿ 'ಎಲಿವೇಟರ್' ಎಂಬ ಬೋರ್ಡಿತ್ತು. ಅವಳು ಅದನ್ನು ಓದಿಯೂ ಇದ್ದಳು. "ಎಲಿವೇಟರ್ ಅಂದ್ರ ಮಿಲ್ಲಿನ್ಯಾಗ ಕಾಳು ಏರ್ಸೂದಲ್ಲೇನೋ? ಲಿಫ್ಟ್ ಅಂತ ಬರದಿದ್ರ ತಿಳೀತಿತ್ತು" ಎಂದಳು.

ಅಪ್ಪ ಬೇಳೆ ಮಿಲ್ಲಿನಲ್ಲಿ ದುಡಿದವರು. ಪಟ್ಟಿಗೆ ಬಿಗಿದ ಸಣ್ಣ ಬಕೆಟ್ಟುಗಳಲ್ಲಿ ಕಾಳನ್ನು ಮೇಲಕ್ಕೆ ಒಯ್ಯುವ ಯಂತ್ರಕ್ಕೆ ಅಲ್ಲಿ ಎಲಿವೇಟರ್ ಎಂದೇ ಹೆಸರು. ಅವ್ವ ತಪ್ಪು ಹೇಳಿರಲಿಲ್ಲ. 1840ರ ದಶಕದಲ್ಲಿ ಅಮೆರಿಕದ ಬಫಲೋದಲ್ಲಿ ಜೋಸೆಫ್ ಡಾರ್ಟ್ ಕಟ್ಟಿಸಿದ ಎಲಿವೇಟರ್ ಧಾನ್ಯ ಎತ್ತುವಂಥದ್ದು. ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಓಟಿಸ್ ಕಂಪನಿ ಜನರಿಗಾಗಿ ಎಲಿವೇಟರ್ ಕೂರಿಸಿದ್ದು 1857ರಲ್ಲಿ. ನಮಗೆ ಇಂಗ್ಲಿಷ್ ಕಲಿಸಿದ ಬ್ರಿಟಿಷರು ಇದನ್ನು ಲಿಫ್ಟ್ ಎಂದರು, ನಾವೂ ಹಾಗೇ ಅಂದೆವು.

ಹಾಗಾದರೆ ಕನ್ನಡ ಪದ ಬೇಡವೇ? 'ಉತ್ಥಾಪಕ' ಎಂದು ಬರೆದಿದ್ದರೂ ಅವ್ವ ಮೆಟ್ಟಿಲನ್ನೇ ಹತ್ತುತ್ತಿದ್ದಳು. ಆದರೆ ಲಿಫ್ಟಿಗೆ ಕನ್ನಡವೇ ಇಲ್ಲ ಎನ್ನಲಾರೆ. ನಮ್ಮದೇ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ ತುಂಗಭದ್ರೆಯ ನೀರೆತ್ತುವ ಸಿಂಗಟಾಲೂರು ಯೋಜನೆ ಇಂಗ್ಲಿಷಿನಲ್ಲಿ 'ಲಿಫ್ಟ್ ಇರಿಗೇಷನ್', ಕನ್ನಡದಲ್ಲಿ 'ಏತ ನೀರಾವರಿ'. ಅಲ್ಲಿರುವುದು ಕರೆಂಟಿನ ಪಂಪು, ಏತದ ಮರವಲ್ಲ. ಆದರೂ ಪದ ನಿಂತಿದೆ, ಏಕೆಂದರೆ ಏತವನ್ನು ಜನ ಕಣ್ಣಾರೆ ಕಂಡಿದ್ದರು. ಏತದ ಹಿಂತುದಿಗೆ ಕಲ್ಲು ಕಟ್ಟಿ ತೂಕ ಸರಿದೂಗಿಸುವಂತೆ ಲಿಫ್ಟಿಗೂ ಎದುರುಭಾರವಿದೆ. ಪದ ಕಟ್ಟುವವರು ಸಂಸ್ಕೃತದ ಕಡೆ ಹೊರಡುವ ಮೊದಲು ಬಾವಿಯ ಕಡೆ ನೋಡಬಹುದಿತ್ತು.

ಈಗ ತಡವಾಗಿದೆ. 'ಲಿಫ್ಟಿನ್ಯಾಗ', 'ಲಿಫ್ಟಿಗೆ' ಎಂದು ವಿಭಕ್ತಿ ಹಚ್ಚಿಸಿಕೊಂಡು ಆ ಪದ ಅವ್ವನ ಬಾಯಲ್ಲಿ ಕನ್ನಡವೇ ಆಗಿದೆ. ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ತಕರಾರು ಲಿಪಿ ಕನ್ನಡವಾದರೆ ಮಾತೂ ಕನ್ನಡವಾಯಿತು ಎಂದುಕೊಂಡ ಬೋರ್ಡಿನ ಮೇಲೆ. ಬರೆದವರು ಬಳಕೆಯನ್ನು ಕೇಳಲಿಲ್ಲ. ಅದರ ದಂಡವನ್ನು ಅವ್ವನ ಮೊಣಕಾಲು ಕಟ್ಟಿತು.