ಕಲಾಬೋಧನೆಯ ಎರಡು ಪದ್ಧತಿಗಳು: ಹಾವೇರಿ ಸೀಮೆಯ ನಿದರ್ಶನ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳು ವಾಕ್ಕಲೆಗೆ ಹಳೆಯ ನೆಲೆಗಳು. ಹಿರೇಕೆರೂರಿನ ಅಬಲೂರನ್ನು ಸರ್ವಜ್ಞನೊಡನೆ ಸೇರಿಸಿ ಹೇಳುವ ಪ್ರತೀತಿಯಿದೆ; ಕನಕದಾಸರ ಬಾಡವೂ ಶರೀಫಸಾಹೇಬರ ಶಿಶುನಾಳವೂ ಶಿಗ್ಗಾವಿಯವು; ಗೋಕಾಕರು ಸವಣೂರಿನಲ್ಲಿ ಹುಟ್ಟಿದವರು. ಇಂಥ ಸೀಮೆಯ ಗೊಟಗೋಡಿಯಲ್ಲಿ 2011ರಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವು ಸ್ಥಾಪಿತವಾದದ್ದು ಉಚಿತವೇ ಸರಿ. ಆದರೆ ಬಾಯಿಂದ ಕಿವಿಗೆ ಬಂದ ವಿದ್ಯೆಯನ್ನು ಪಠ್ಯಕ್ರಮ, ಪರೀಕ್ಷೆ, ಪದವಿಗಳ ಚೌಕಟ್ಟಿನೊಳಗೆ ಎಷ್ಟರ ಮಟ್ಟಿಗೆ ಕಲಿಸಬಹುದೆಂಬುದು ವಿಚಾರಾರ್ಹವಾಗಿದೆ.

ಇದೇ ಸೀಮೆಯಿಂದ ಹೊರಟ ಇನ್ನೊಂದು ಪದ್ಧತಿಯನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧಬಾಲಕನ ಕಂಠವನ್ನು ಗುರುತಿಸಿ ಸಂಗೀತಶಿಕ್ಷಣಕ್ಕೆ ಹಚ್ಚಿದವರು ಹಾನಗಲ್ಲ ಕುಮಾರಸ್ವಾಮಿಗಳು. ಆ ಬಾಲಕನೇ ಪಂಚಾಕ್ಷರ ಗವಾಯಿ. ಅವರ ಪಾಠಶಾಲೆ ಮೊದಲು ಊರೂರು ಸಂಚರಿಸಿ, ಕಡೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆಗೊಂಡಿತು. ಅಂಧರಿಗೂ ಬಡವರಿಗೂ ಅಲ್ಲಿ ಊಟ, ವಸತಿ, ವಿದ್ಯೆಗಳು ಒಂದೇ ಸೂರಿನಡಿ ದೊರೆತವು. ಖರ್ಚನ್ನು ಭಕ್ತಜನರ ಕಾಣಿಕೆ ಹೊತ್ತಿತು. 1944ರಲ್ಲಿ ಗವಾಯಿಗಳು ತೀರಿಕೊಂಡ ಮೇಲೆ ಹಾನಗಲ್ಲ ತಾಲೂಕಿನವರೇ ಆದ ಪುಟ್ಟರಾಜ ಗವಾಯಿಗಳು 2010ರ ವರೆಗೆ ಅದನ್ನು ನಡೆಯಿಸಿದರು. ನಾಟಕ ಬರೆದು, ನಾಟಕಸಂಘವನ್ನೂ ಕಟ್ಟಿದರು. ಇಲ್ಲಿ ಕಲಿಸಿದ್ದು ಬಹುಮಟ್ಟಿಗೆ ಶಾಸ್ತ್ರೀಯ ಸಂಗೀತ, ಜಾನಪದವಲ್ಲ ಎಂಬ ಆಕ್ಷೇಪ ಬರಬಹುದು. ನಮ್ಮ ಲಕ್ಷ್ಯವಿರುವದು ಕಲಿಸಿದ ವಸ್ತುವಿನ ಮೇಲಲ್ಲ, ಕಲಿಸಿದ ರೀತಿಯ ಮೇಲೆ. ಆ ರೀತಿಗೂ ಕುಂದುಂಟು: ಸಮಸ್ತವೂ ಗುರುವಿನೊಬ್ಬನ ಆಯುಷ್ಯವನ್ನು ನೆಚ್ಚಿರುತ್ತದೆ. ವಿಶ್ವವಿದ್ಯಾಲಯಕ್ಕೆ ಈ ಭಯವಿಲ್ಲ.

ವಿಶ್ವವಿದ್ಯಾಲಯದ ತೊಡಕು ಬೇರೆ. ಅಧ್ಯಾಪಕಹುದ್ದೆಗೆ ಸ್ನಾತಕೋತ್ತರ ಪದವಿಯೂ ಅದರ ಮೇಲೆ ಅರ್ಹತಾಪರೀಕ್ಷೆ ಇಲ್ಲವೆ ಡಾಕ್ಟರೇಟೂ ಬೇಕು. ರಾತ್ರಿಯಿಡೀ ನಡೆಯುವ ದೊಡ್ಡಾಟವನ್ನು ಕಂಠಸ್ಥವಾಗಿ ನಡೆಯಿಸಬಲ್ಲ ಭಾಗವತನು ಆ ಬಾಗಿಲಲ್ಲಿ ನಿಲ್ಲಲಾರ; ಒಂದು ಹೆಜ್ಜೆಯನ್ನೂ ಹಾಕಲಾರದವನು ಅವನನ್ನು ಕುರಿತು ಪ್ರಬಂಧ ಬರೆದು ಒಳಗೆ ಬರಬಲ್ಲ! 2022ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಅನುಭವಿಗಳನ್ನು ಪದವಿಯ ನಿರ್ಬಂಧವಿಲ್ಲದೆ ಪ್ರಾಧ್ಯಾಪಕರನ್ನಾಗಿ ಕರೆಯಬಹುದೆಂದು ಮಾರ್ಗಸೂಚಿ ಹೊರಡಿಸಿತು. ಅವರ ಸಂಖ್ಯೆ ಮಂಜೂರಾದ ಹುದ್ದೆಗಳ ಶೇಕಡಾ 10ನ್ನು ಮೀರಬಾರದು. ಅವಧಿ ಹೆಚ್ಚೆಂದರೆ 4 ವರ್ಷ. ಇದು ಅತಿಥಿಗೆ ಹಾಸಿದ ಚಾಪೆ. ಮನೆಯ ಹಿರಿಯನ ಸ್ಥಾನವಲ್ಲ.

ಸಂವಹನದ ಮಾತೂ ಹೀಗೆಯೇ. ಧ್ವನಿಮುದ್ರಣದಲ್ಲಿ ಲಾವಣಿ ಉಳಿಯುತ್ತದೆ, ಎದುರಾಳಿ ಮೇಳಕ್ಕೆ ಸವಾಲೆಸೆಯುವ ಬಿಸಿ ಉಳಿಯುವದಿಲ್ಲ. ಕನ್ನಡದಲ್ಲಿ 'ಕೇಳು' ಎಂದರೆ ಆಲಿಸುವದೂ ಹೌದು, ಪ್ರಶ್ನಿಸುವದೂ ಹೌದು. ಯಂತ್ರವು ಮೊದಲನೆಯದನ್ನಷ್ಟೇ ಮಾಡೀತು.

ಆದಕಾರಣ ಪ್ರಾಯೋಗಿಕ ಪರೀಕ್ಷೆಯನ್ನಾದರೂ ಕೊಠಡಿಯಿಂದ ಹೊರತಂದು ಹಳ್ಳಿಯ ಗುಡಿಯ ಮುಂದೆ, ನೆರೆದ ಜನರೆದುರು ನಡೆಯಿಸಬೇಕೆಂದೂ, ಅಂಕಪಟ್ಟಿಗೆ ಅಧ್ಯಾಪಕರ ಜೊತೆಗೆ ಮೇಳದ ಹಿರಿಯ ಕಲಾವಿದರೊಬ್ಬರ ರುಜುವೂ ಇರಬೇಕೆಂದೂ ನಾವು ಸೂಚಿಸುತ್ತೇವೆ. ರುಜು ಬಾರದಿದ್ದರೆ ಹೆಬ್ಬೆರಳಿನ ಗುರುತಾದರೂ ಸಾಕು.